ಬಿ. ಎಲ್. ರೈಸ್

ಬೆಂಜಮಿನ್ ಲೂಯಿಸ್ ರೈಸ್ (ಜುಲೈ 17, 1837 – ಜುಲೈ 10, 1927) ಮೈಸೂರು ಸಂಸ್ಥಾನದ ಶಿಕ್ಷಣಾಧಿಕಾರಿ, ಶಾಸನತಜ್ಞ, ಗ್ರಂಥ ಸಂಪಾದಕ ಮತ್ತು ಮೈಸೂರು ಪುರಾತತ್ವ ಇಲಾಖೆಯ ಮೊದಲ ನಿರ್ದೇಶಕರು. ಹಳೆಯ ಮೈಸೂರು ಮತ್ತು ಕೊಡಗಿನ ಹಳ್ಳಿಗಳಲ್ಲಿ ಯಾರ ಗಮನಕ್ಕೂ ಬಾರದೆ ಬಿದ್ದಿದ್ದ ಸುಮಾರು 9,000 ಶಾಸನಗಳನ್ನು ಪತ್ತೆಹಚ್ಚಿ, ಓದಿ, ಕಾಲ ಗೊತ್ತುಪಡಿಸಿ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ 12 ಸಂಪುಟಗಳ ಮಾಲೆಯಲ್ಲಿ ಪ್ರಕಟಿಸಿದರು. ಕನ್ನಡದಲ್ಲಿ ಇವರನ್ನು ಶಾಸನ ಪಿತಾಮಹರೆಂದು ಕರೆಯುವುದು ವಾಡಿಕೆ. ಇಂದಿನ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಮೌರ್ಯ ಚಕ್ರವರ್ತಿ ಅಶೋಕನ ಮೂರು ಬಂಡೆಗಲ್ಲು ಶಾಸನಗಳನ್ನು 1891–92ರಲ್ಲಿ ಗುರುತಿಸಿದ್ದು ಇವರ ಶೋಧಗಳಲ್ಲೆಲ್ಲ ಹೆಚ್ಚು ಪರಿಣಾಮಕಾರಿಯಾದುದು.

ಬಾಲ್ಯ ಮತ್ತು ಮನೆತನ

ರೈಸ್ ಹುಟ್ಟಿದ್ದು ಬೆಂಗಳೂರಿನಲ್ಲಿ. ತಂದೆ ರೆವರೆಂಡ್ ಬೆಂಜಮಿನ್ ರೈಸ್ ಲಂಡನ್ ಮಿಷನರಿ ಸೊಸೈಟಿಯ ಪಾದ್ರಿಗಳು. ಅರ್ಧ ಶತಮಾನದಷ್ಟು ಕಾಲ ಕನ್ನಡ ನಾಡಿನಲ್ಲಿ ಕೆಲಸ ಮಾಡಿದವರು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿರುವ ರೈಸ್ ಸ್ಮಾರಕ ದೇವಾಲಯಕ್ಕೆ ಹೆಸರು ಬಂದಿರುವುದು ತಂದೆಯಿಂದ, ಮಗನಿಂದಲ್ಲ. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ಇ. ಪಿ. ರೈಸ್ ಇವರ ಸಹೋದರ. ಮೂವರ ಹೆಸರುಗಳೂ ಆಗಾಗ ಒಂದರೊಡನೊಂದು ಬೆರೆತುಹೋಗುವುದರಿಂದ ಈ ವಿವರವನ್ನು ಇಲ್ಲಿ ಸ್ಪಷ್ಟಪಡಿಸಬೇಕಾಗಿದೆ.

ಇವರು ಹುಟ್ಟಿದ 1837ನೆಯ ಇಸವಿಗೂ ಮುಂದಿನ ಬದುಕಿಗೂ ಒಂದು ಕುತೂಹಲದ ನಂಟಿದೆ. ಕಲ್ಕತ್ತೆಯಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯ ಓದನ್ನು ಸಾಧಿಸಿ ಅಶೋಕನ ಶಾಸನಗಳಿಗೆ ಬಾಯಿ ಕೊಟ್ಟದ್ದೂ ಅದೇ ವರ್ಷ.

ಬೆಂಗಳೂರಿನಲ್ಲಿ ಬೆಳೆದ ರೈಸ್ ಅವರಿಗೆ ಕನ್ನಡ ಬಾಲ್ಯದಲ್ಲಿಯೇ ಕಿವಿಗೆ ಬಿದ್ದ ಭಾಷೆ. ವಿದ್ಯಾಭ್ಯಾಸ ಇಂಗ್ಲೆಂಡಿನಲ್ಲಿ ನಡೆಯಿತು. 1860ರಲ್ಲಿ ಮರಳಿ ಬಂದು ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾದರು. ಮುಂದೆ ಸೆಂಟ್ರಲ್ ಕಾಲೇಜ್ ಎಂದು ಹೆಸರಾದುದು ಈ ಶಾಲೆಯೇ. 1869ರಲ್ಲಿ, ಸಂಸ್ಥಾನದ ಶಿಕ್ಷಣ ಇಲಾಖೆಯನ್ನು ಕಟ್ಟಿದ ಜಾನ್ ಗ್ಯಾರೆಟ್ ಅವರ ಮಗಳು ಮೇರಿ ಸೋಫಿಯಾ ಅವರೊಡನೆ ವಿವಾಹವಾಯಿತು.

ಶಿಕ್ಷಣ ಇಲಾಖೆಯಲ್ಲಿ

1865ರಲ್ಲಿ ರೈಸ್ ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್ಸ್‌ಪೆಕ್ಟರ್ ಆಗಿ ನೇಮಕಗೊಂಡರು. 1868ರಲ್ಲಿ ಸಾರ್ವಜನಿಕ ಶಿಕ್ಷಣದ ನಿರ್ದೇಶಕರ ಹೊಣೆ ಬಂದಿತು. ಅದುವರೆಗೆ ಸರ್ಕಾರಿ ಶಾಲೆಗಳೆಂದರೆ ಪಟ್ಟಣದವರಿಗೆ ಮಾತ್ರ ಎಂಬಂತಿದ್ದ ಸ್ಥಿತಿಯಲ್ಲಿ, ಹೋಬಳಿಗೊಂದು ಕನ್ನಡ ಶಾಲೆಯನ್ನು ತೆರೆಯುವ ಯೋಜನೆಯನ್ನು ಇವರು ರೂಪಿಸಿದರು. ಹೋಬಳಿ ಶಾಲೆಗಳೆಂದು ಇವು ಹೆಸರಾದವು. 1882–83ರಲ್ಲಿ ಹಂಟರ್ ಶಿಕ್ಷಣ ಆಯೋಗದ ಕಾರ್ಯದರ್ಶಿಗಳಲ್ಲಿ ಒಬ್ಬರಾಗಿಯೂ ಕೆಲಸ ಮಾಡಿದರು.

ಶಾಲಾ ತಪಾಸಣೆಯ ಕೆಲಸವೇ ಶಾಸನಶೋಧಕ್ಕೆ ದಾರಿಯಾಯಿತು. ಇನ್ಸ್‌ಪೆಕ್ಟರಾದವರು ಕುದುರೆಯ ಮೇಲೆ ಊರಿಂದೂರಿಗೆ ಹೋಗಬೇಕಿತ್ತು. ಊರಿನ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ಬರೆಹವಿದ್ದ ಕಲ್ಲುಗಳು ಕಣ್ಣಿಗೆ ಬೀಳುತ್ತಿದ್ದವು. ಹಳಗನ್ನಡ ಲಿಪಿಯಾದ್ದರಿಂದ ಊರಿನವರಿಗೆ ಅವುಗಳನ್ನು ಓದಲು ಬರುತ್ತಿರಲಿಲ್ಲ.

ಡಿಕ್ಸನ್ ಅವರ ಛಾಯಾಚಿತ್ರಗಳು

1865ರಲ್ಲಿ ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿ ಮೈಸೂರು ಸರ್ಕಾರಕ್ಕಾಗಿ ಚಿತ್ರದುರ್ಗ, ಬಳ್ಳಿಗಾವೆ, ಹರಿಹರ ಮುಂತಾದ ಸ್ಥಳಗಳ ಸುಮಾರು 150 ಶಾಸನಗಳ ಛಾಯಾಚಿತ್ರಗಳನ್ನು ತೆಗೆದರು. ಚಿತ್ರಗಳೇನೋ ಸಿದ್ಧವಾದವು, ಆದರೆ ಅವುಗಳಲ್ಲಿ ಏನಿದೆಯೆಂದು ಹೇಳಬಲ್ಲವರು ಬೇಕಾಗಿದ್ದರು. ಓದಿ ಅನುವಾದಿಸುವ ಕೆಲಸ ರೈಸ್ ಅವರ ಪಾಲಿಗೆ ಬಂದಿತು. ಛಾಯಾಚಿತ್ರದಲ್ಲಿ ಅಕ್ಷರಗಳು ಎಷ್ಟೋ ಕಡೆ ನೆರಳಿನಲ್ಲಿ ಮುಚ್ಚಿಹೋಗಿರುತ್ತವೆ. ಕಲ್ಲಿನ ಸಹಜವಾದ ಬಿರುಕು ಒಂದು ಒತ್ತಕ್ಷರದಂತೆ ತೋರುತ್ತದೆ. ಪಂಡಿತರ ನೆರವಿನಿಂದ ಅವರು ಸಿದ್ಧಪಡಿಸಿದ ಮೈಸೂರ್ ಇನ್‌ಸ್ಕ್ರಿಪ್ಷನ್ಸ್ 1879ರಲ್ಲಿ ಹೊರಬಂದಿತು. ಇದಕ್ಕೆ ಸ್ವಲ್ಪ ಮೊದಲೇ, 1870ರ ದಶಕದ ಉತ್ತರಾರ್ಧದಲ್ಲಿ, ಮೈಸೂರು ಮತ್ತು ಕೊಡಗಿನ ಗೆಜೆಟಿಯರ್‌ನ ಮೂರು ಸಂಪುಟಗಳು ಪ್ರಕಟವಾಗಿದ್ದವು. ಗೆಜೆಟಿಯರ್ ಪರಿಷ್ಕೃತಗೊಂಡು 1897ರಲ್ಲಿ ಎರಡು ಸಂಪುಟಗಳಾಗಿ ಮತ್ತೆ ಬಂದಿತು.

ಶಾಸನಗಳ ರಕ್ಷಣೆ ಮತ್ತು ಪಡಿಯಚ್ಚಿನ ಕೆಲಸ

1880ರ ದಶಕದ ಮಧ್ಯದಲ್ಲಿ ಮೈಸೂರು ಸಂಸ್ಥಾನ ಪುರಾತತ್ವದ ಕೆಲಸಕ್ಕೆ ಪ್ರತ್ಯೇಕ ವ್ಯವಸ್ಥೆ ಮಾಡಿತು. ಮೊದಲು ಇತರ ಹೊಣೆಗಳ ಜೊತೆಗೆ ಈ ಕೆಲಸವನ್ನು ನೋಡಿಕೊಳ್ಳುತ್ತಿದ್ದ ರೈಸ್, 1890ರಿಂದ ಪೂರ್ಣಾವಧಿಗೆ ಇದರಲ್ಲಿಯೇ ತೊಡಗಿದರು. ತಾಲ್ಲೂಕನ್ನು ಘಟಕವಾಗಿ ಇಟ್ಟುಕೊಂಡು, ಒಂದೊಂದು ಗ್ರಾಮವನ್ನೂ ನೋಡಿ, ಸಿಕ್ಕ ಪ್ರತಿಯೊಂದು ಶಾಸನಕ್ಕೂ ತಾಲ್ಲೂಕಿನ ಹೆಸರಿನಡಿ ಕ್ರಮಸಂಖ್ಯೆ ಕೊಡುವ ಪದ್ಧತಿಯನ್ನು ಇವರು ಅನುಸರಿಸಿದರು. ಮುಖ್ಯವೆನಿಸಿದ್ದನ್ನು ಮಾತ್ರ ಆಯ್ದುಕೊಳ್ಳದೆ, ಒಂದು ಗದ್ದೆಯ ದಾನವನ್ನು ಹೇಳುವ ನಾಲ್ಕು ಸಾಲಿನ ಕಲ್ಲನ್ನೂ ದಾಖಲಿಸುವುದು ಈ ಪದ್ಧತಿಯ ವಿಶೇಷ. ಹೀಗಾಗಿಯೇ ಎಪಿಗ್ರಾಫಿಯಾ ಕರ್ನಾಟಿಕಾ ಇಂದಿಗೂ ಊರಿನ ಹೆಸರಿನಿಂದ ಹುಡುಕಬಹುದಾದ ಗ್ರಂಥವಾಗಿ ಉಳಿದಿದೆ.

ಕಲ್ಲಿನ ಬರೆಹವನ್ನು ಕಾಗದಕ್ಕೆ ಇಳಿಸುವ ಕ್ರಮ ಸರಳ, ಆದರೆ ಶ್ರಮದ್ದು. ಮೊದಲು ಕಲ್ಲಿನ ಮೇಲಿನ ಪಾಚಿ, ಎಣ್ಣೆಜಿಡ್ಡು, ಸುಣ್ಣಗಳನ್ನು ಉಜ್ಜಿ ತೊಳೆಯಬೇಕು. ಒದ್ದೆ ಮಾಡಿದ ಕಾಗದವನ್ನು ಅದರ ಮೇಲೆ ಹರಡಿ, ಬಿರುಸು ಕೂದಲಿನ ಬ್ರಷ್ಷಿನಿಂದ ಬಡಿದಾಗ ಕಾಗದ ಅಕ್ಷರಗಳ ತಗ್ಗಿಗೆ ಇಳಿಯುತ್ತದೆ. ಬಳಿಕ ಮಸಿ ಅದ್ದಿದ ಬಟ್ಟೆಯ ಉಂಡೆಯಿಂದ ಮೇಲುಮೇಲೆ ತಟ್ಟಿದರೆ ಕಲ್ಲಿನ ಮೈ ಕಪ್ಪಾಗಿಯೂ ಅಕ್ಷರಗಳು ಬೆಳ್ಳಗೆಯೂ ಮೂಡುತ್ತವೆ. ಇದಕ್ಕೆ ಪಡಿಯಚ್ಚು ಎಂದು ಹೆಸರು. ಗಾಳಿ ಬೀಸಿದರೆ ಕಾಗದ ಹರಿಯುತ್ತದೆ. ಬಿಸಿಲು ಜೋರಾದರೆ ಮಸಿ ಹಚ್ಚುವ ಮುನ್ನವೇ ಒಣಗಿ ಏಳುತ್ತದೆ. ಬಂಡೆಯ ಮೈ ಉಬ್ಬುತಗ್ಗಾಗಿದ್ದರೆ ತುಂಡುತುಂಡಾಗಿ ಅಚ್ಚು ತೆಗೆದು ಆಮೇಲೆ ಜೋಡಿಸಿಕೊಳ್ಳಬೇಕು.

ಈ ಕೆಲಸಕ್ಕೆ ತುರ್ತೂ ಇತ್ತು. ಶಾಸನದ ಚಪ್ಪಡಿ ಬಟ್ಟೆ ಒಗೆಯುವ ಕಲ್ಲಾಗುವುದು, ಮನೆಯ ಹೊಸ್ತಿಲಿಗೋ ಕೆರೆಯ ತೂಬಿಗೋ ಸೇರುವುದು ನಾಡಿನ ಎಲ್ಲ ಕಡೆ ಕಂಡುಬರುವ ಸಂಗತಿ. ಬರೆಹವಿರುವ ಕಲ್ಲಿನ ಕೆಳಗೆ ನಿಧಿಯಿರುತ್ತದೆಂಬ ನಂಬಿಕೆಯಿಂದ ಒಡೆದುಹೋದವುಗಳೂ ಇವೆ.

ಮೊಳಕಾಲ್ಮೂರಿನ ಮೂರು ಬಂಡೆಗಳು

ಮೊಳಕಾಲ್ಮೂರು ತಾಲ್ಲೂಕು ಸಂಸ್ಥಾನದ ಈಶಾನ್ಯ ಅಂಚಿನಲ್ಲಿ, ಬಳ್ಳಾರಿ ಸೀಮೆಗೆ ತಗುಲಿಕೊಂಡಿದ್ದ ಪ್ರದೇಶ. ಮಳೆ ಕಡಿಮೆ, ಒಂದರ ಮೇಲೊಂದು ಗುಂಡುಗಳನ್ನು ಪೇರಿಸಿಟ್ಟಂತಹ ಬೆಟ್ಟಗಳು, ನಡುವೆ ಚಿನ್ನ ಹಗರಿಯ ಮರಳು ಹಾಸಿನ ಹಳ್ಳ. ದಕ್ಷಿಣಕ್ಕಿರುವ ಚಳ್ಳಕೆರೆಯ ಕಡೆಯಿಂದ ಬರುವವರಿಗೆ ಬಯಲು ಮುಗಿದು ಬೆಟ್ಟ ಮೊದಲಾಗುವ ಜಾಗ ಇದು. ಇಲ್ಲಿನ ಸಿದ್ದಾಪುರ ಗ್ರಾಮದ ಸುತ್ತ, ಕೆಲವೇ ಮೈಲಿಗಳ ಅಂತರದಲ್ಲಿ, ರೈಸ್ ಮೂರು ಬಂಡೆಗಳ ಮೇಲಿನ ಬರೆಹಗಳನ್ನು ಪತ್ತೆಹಚ್ಚಿದರು.

ಊರಿನವರಿಗೆ ಆ ಬಂಡೆಗಳು ಅಪರಿಚಿತವಾಗಿರಲಿಲ್ಲ. ಮೂರಕ್ಕೂ ಹೆಸರುಗಳಿದ್ದವು. ಬ್ರಹ್ಮಗಿರಿಯ ಬುಡದಲ್ಲಿರುವುದು ಅಕ್ಷರಗುಂಡು. ಸಿದ್ದಾಪುರದ ಹತ್ತಿರದ್ದು ಎಮ್ಮೆ ತಮ್ಮನ ಗುಂಡು. ದನ ಎಮ್ಮೆ ಮೇಯಿಸುವವರಿಗೆ ಗುರುತಾಗಿದ್ದ ಜಾಗವೆಂಬುದು ಹೆಸರಿನಲ್ಲಿಯೇ ಇದೆ. ಮೂರನೆಯದು ಜಟಂಗಿ ರಾಮೇಶ್ವರ ಬೆಟ್ಟದ ಮೇಲಿನ ಬಳೆಗಾರ ಗುಂಡು. ರಾವಣನೊಡನೆ ಹೋರಾಡಿದ ಜಟಾಯು ಬಿದ್ದದ್ದು ಈ ಬೆಟ್ಟದಲ್ಲಿ ಎಂಬುದು ಸ್ಥಳಪುರಾಣ. ಜಾತ್ರೆಯ ಕಾಲದಲ್ಲಿ ಬಳೆ ಮಾರುವವರು ಆ ಹಾಸುಬಂಡೆಯ ಮೇಲೆಯೇ ಅಂಗಡಿ ಹೂಡುತ್ತಿದ್ದರು. ಜನರ ಓಡಾಟದಿಂದ ಅಲ್ಲಿನ ಅಕ್ಷರಗಳು ಬಹುಮಟ್ಟಿಗೆ ಸವೆದುಹೋಗಿದ್ದವು. ಮೂರರಲ್ಲಿ ಹೆಚ್ಚು ಹಾಳಾಗಿರುವುದು ಇದೇ. ಹೆಚ್ಚು ಚೆನ್ನಾಗಿ ಉಳಿದಿರುವುದು 13 ಸಾಲುಗಳ ಬ್ರಹ್ಮಗಿರಿಯ ಪಾಠ.

ಹೆಸರಿದ್ದರೂ ಗುರುತು ಇರಲಿಲ್ಲ. ಅಕ್ಷರಗುಂಡಿನಲ್ಲಿರುವುದು ಅಕ್ಷರವೆಂದು ಗೊತ್ತಿತ್ತು, ಯಾರ ಅಕ್ಷರ ಯಾವ ಭಾಷೆ ಎಂಬುದು ಗೊತ್ತಿರಲಿಲ್ಲ. ಹತ್ತು ಹನ್ನೆರಡನೆಯ ಶತಮಾನದ ಕನ್ನಡ ಶಾಸನಗಳಲ್ಲಿ ಪಳಗಿದ ಓದುಗರಿಗೂ ಈ ಲಿಪಿ ದಕ್ಕುವಂತಿರಲಿಲ್ಲ. ಅದು ಬ್ರಾಹ್ಮೀ, ಭಾಷೆ ಪ್ರಾಕೃತ. ಕ್ರಿಸ್ತಪೂರ್ವ 3ನೆಯ ಶತಮಾನದ ಬರೆಹ ಮೈಸೂರಿನಲ್ಲಿ ಸಿಕ್ಕೀತೆಂಬ ನಿರೀಕ್ಷೆ ಅದುವರೆಗೆ ಯಾರಿಗೂ ಇರಲಿಲ್ಲವೆಂಬುದನ್ನು ನೆನೆದರೆ ಈ ಗುರುತಿಸುವಿಕೆಯ ಬೆಲೆ ತಿಳಿಯುತ್ತದೆ. ರೈಸ್ ತಮ್ಮ ವರದಿಯನ್ನು 1892ರಲ್ಲಿ ಪ್ರಕಟಿಸಿದರು. ಲಿಪಿತಜ್ಞ ಜಾರ್ಜ್ ಬ್ಯೂಲರ್ ಎಪಿಗ್ರಾಫಿಯಾ ಇಂಡಿಕಾದ 3ನೆಯ ಸಂಪುಟದಲ್ಲಿ ಈ ಶಾಸನಗಳನ್ನು ಮತ್ತೆ ಸಂಪಾದಿಸಿದರು.

ಶಾಸನಗಳಲ್ಲಿ ಅಶೋಕ ಎಂಬ ಹೆಸರಿಲ್ಲ. ಇರುವುದು ದೇವಾನಾಂಪ್ರಿಯ ಎಂಬ ಬಿರುದು ಮಾತ್ರ. ಆ ಬಿರುದು ಅಶೋಕನದೆಂದು ಸಿಂಹಳದ ಬೌದ್ಧ ಗ್ರಂಥಗಳ ಆಧಾರದಿಂದ ಪ್ರಿನ್ಸೆಪ್ ಕಾಲದಲ್ಲಿ ಸಾಧಿಸಲಾಗಿತ್ತು. ಮೊಳಕಾಲ್ಮೂರಿನ ಪಾಠ ಉತ್ತರ ಭಾರತದ ರೂಪನಾಥ, ಸಹಸ್ರಾಮಗಳ ಪಾಠವನ್ನು ಹೋಲುತ್ತಿದ್ದುದರಿಂದ ಗುರುತು ಖಚಿತವಾಯಿತು. ಅಶೋಕನ ಹೆಸರನ್ನೇ ಹೇಳುವ ಶಾಸನ ಮೊದಲು ದೊರೆತದ್ದು 1915ರಲ್ಲಿ, ಅದೂ ಕರ್ನಾಟಕದ ಮಸ್ಕಿಯಲ್ಲಿ.

ಶಾಸನದ ಆಶಯ

ಬ್ರಹ್ಮಗಿರಿಯ ಪಾಠ ಒಂದು ಸರ್ಕಾರಿ ಪತ್ರದಂತೆ ಆರಂಭವಾಗುತ್ತದೆ. ಸುವರ್ಣಗಿರಿಯಲ್ಲಿರುವ ಆರ್ಯಪುತ್ರ, ಅಂದರೆ ರಾಜಕುಮಾರ, ಮತ್ತು ಅಲ್ಲಿಯ ಮಹಾಮಾತ್ರರು ಇಸಿಲದ ಮಹಾಮಾತ್ರರ ಕ್ಷೇಮವನ್ನು ವಿಚಾರಿಸಿ ಚಕ್ರವರ್ತಿಯ ಆಜ್ಞೆಯನ್ನು ತಿಳಿಸುತ್ತಾರೆ. ತಾನು ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಉಪಾಸಕನಾಗಿದ್ದರೂ ಮೊದಲ ಒಂದು ವರ್ಷ ಹೆಚ್ಚು ಪ್ರಯತ್ನ ಮಾಡಲಿಲ್ಲವೆಂದು, ಸಂಘದ ಹತ್ತಿರಕ್ಕೆ ಬಂದ ಮೇಲೆ ಶ್ರಮಿಸಿದೆನೆಂದು ಅಶೋಕ ಒಪ್ಪಿಕೊಳ್ಳುತ್ತಾನೆ. ಈ ಫಲ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಸಾಧ್ಯ ಎಂಬುದು ಮುಖ್ಯ ಮಾತು. ಮುಂದಿನ ಭಾಗದಲ್ಲಿ ತಂದೆತಾಯಿಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂಬ ಉಪದೇಶವಿದೆ.

ಕೊನೆಯಲ್ಲಿ ಬರೆದವನ ಹೆಸರು ಚಪಡ ಎಂದಿದೆ. ಅವನು ಲಿಪಿಕಾರನೆಂಬ ಪದ ಮಾತ್ರ ಬ್ರಾಹ್ಮಿಯಲ್ಲಿಲ್ಲ. ಬಲದಿಂದ ಎಡಕ್ಕೆ ಓದುವ ಖರೋಷ್ಠಿಯಲ್ಲಿದೆ. ಖರೋಷ್ಠಿ ಗಾಂಧಾರದ ಕಡೆಯ, ಅಂದರೆ ಉಪಖಂಡದ ವಾಯವ್ಯ ಮೂಲೆಯ ಲಿಪಿ. ಅದನ್ನು ಬಲ್ಲ ಲಿಪಿಕಾರನೊಬ್ಬ ಚಿನ್ನ ಹಗರಿಯ ದಂಡೆಯವರೆಗೆ ಬಂದಿದ್ದ. ಮೌರ್ಯರ ಆಡಳಿತದಲ್ಲಿ ನೌಕರರು ಎಷ್ಟು ದೂರ ವರ್ಗವಾಗಿ ಹೋಗುತ್ತಿದ್ದರೆಂಬುದಕ್ಕೆ ಈ ಒಂದು ಪದದಷ್ಟು ನೇರವಾದ ಸಾಕ್ಷ್ಯ ದಕ್ಷಿಣದಲ್ಲಿ ಮತ್ತೊಂದು ಸಿಗುವುದು ಕಷ್ಟ.

ಮೌರ್ಯ ಸಾಮ್ರಾಜ್ಯದ ದಕ್ಷಿಣದ ಗಡಿ ಕರ್ನಾಟಕದ ಒಳಗಿತ್ತೆಂಬುದು ಈ ಶೋಧದಿಂದ ಸ್ಥಿರಪಟ್ಟಿತು. ಇಸಿಲವೆಂಬ ಪಟ್ಟಣ ಬ್ರಹ್ಮಗಿರಿಯ ಬುಡದ ಹಾಳುನೆಲದಲ್ಲಿಯೇ ಇತ್ತೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಸುವರ್ಣಗಿರಿ ಯಾವುದೆಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯಗಳಿವೆ; ಮಸ್ಕಿ, ಕನಕಗಿರಿ, ಆಂಧ್ರದ ಜೊನ್ನಗಿರಿ ಎಂಬ ಸೂಚನೆಗಳು ಬಂದಿವೆ.

ಚಿತ್ರದುರ್ಗ ಸಂಪುಟ

ಎಪಿಗ್ರಾಫಿಯಾ ಕರ್ನಾಟಿಕಾದ ಮೊದಲ ಸಂಪುಟ ಕೊಡಗಿನದು, 1886ರಲ್ಲಿ ಬಂದಿತು. ಶ್ರವಣಬೆಳಗೊಳದ ಶಾಸನಗಳ ಎರಡನೆಯ ಸಂಪುಟ 1889ರಲ್ಲಿ. ಉಳಿದವು 1905ರ ವೇಳೆಗೆ ಮುಗಿದವು. ಚಿತ್ರದುರ್ಗ ಜಿಲ್ಲೆಗೆ ಮೀಸಲಾದುದು 11ನೆಯ ಸಂಪುಟ. ಮೊಳಕಾಲ್ಮೂರು ಮತ್ತು ಚಳ್ಳಕೆರೆ ತಾಲ್ಲೂಕುಗಳ ಶಾಸನಗಳು ಇದರಲ್ಲಿವೆ. ಪ್ರತಿ ಸಂಪುಟದಲ್ಲಿಯೂ ಕನ್ನಡ ಲಿಪಿಯಲ್ಲಿ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಮತ್ತು ವಿಸ್ತಾರವಾದ ಪೀಠಿಕೆ ಇರುತ್ತವೆ.

ಅಶೋಕನ ಕಾಲದಿಂದ ಪಾಳೆಯಗಾರರ ಕಾಲದವರೆಗಿನ ದಾಖಲೆಗಳು ಒಂದೇ ಸಂಪುಟದಲ್ಲಿ ಸೇರಿರುವುದರಿಂದ ಚಿತ್ರದುರ್ಗ ಸೀಮೆಯ ಚರಿತ್ರೆಗೆ ಇದು ಇಂದಿಗೂ ಮೂಲ ಆಕರ. ಈ ಪ್ರದೇಶ ನೊಳಂಬವಾಡಿ 32,000ದ ಭಾಗವಾಗಿದ್ದುದು, ಚಾಲುಕ್ಯರ ಅರಸುಮಕ್ಕಳು ಇಲ್ಲಿಂದ ಆಳಿದುದು, ವಿಜಯನಗರದ ಬಳಿಕ ನಾಯಕರ ಕೈಗೆ ಬಂದುದು, ಇವೆಲ್ಲ ಇಲ್ಲಿನ ವೀರಗಲ್ಲು ಮತ್ತು ದಾನಶಾಸನಗಳಿಂದಲೇ ತಿಳಿದ ಸಂಗತಿಗಳು.

ಫ್ಲೀಟರೊಡನೆ ವಿವಾದ

ರೈಸ್ ಅವರ ತೀರ್ಮಾನಗಳೆಲ್ಲ ಸುಲಭವಾಗಿ ಸ್ವೀಕೃತವಾಗಲಿಲ್ಲ. ಬೊಂಬಾಯಿ ಪ್ರಾಂತದ ಅಧಿಕಾರಿಯೂ ಶಾಸನತಜ್ಞರೂ ಆದ ಜೆ. ಎಫ್. ಫ್ಲೀಟ್ ಇವರ ಕಟು ವಿಮರ್ಶಕರು. ತಲಕಾಡಿನ ಗಂಗರ ಹೆಸರಿನಲ್ಲಿರುವ ತಾಮ್ರಪಟಗಳಲ್ಲಿ ಅನೇಕವು ಆ ಕಾಲದವಲ್ಲ, ಭೂಮಿಯ ಹಕ್ಕನ್ನು ಸಾಧಿಸಲು ಆಮೇಲೆ ಕೂಟಸೃಷ್ಟಿ ಮಾಡಿದವು ಎಂಬುದು ಫ್ಲೀಟರ ವಾದ. ಲಿಪಿಯ ರೂಪ, ತಿಥಿವಾರಗಳ ಹೊಂದಿಕೆ, ವಂಶಾವಳಿಯ ಅಸಂಗತಿ ಅವರ ಆಧಾರಗಳು. ರೈಸ್ ಗಂಗರ ವಂಶಾವಳಿಯನ್ನು ಕೊನೆಯವರೆಗೂ ಸಮರ್ಥಿಸಿದರು. ಮುಂದಿನ ಸಂಶೋಧನೆ ಇಬ್ಬರಿಗೂ ಪೂರ್ಣ ಜಯ ಕೊಡಲಿಲ್ಲ: ಕೆಲವು ತಾಮ್ರಪಟಗಳು ನಕಲಿಯೆಂದು ನಿಂತವು, ಗಂಗರ ಆರಂಭದ ಅರಸರು ಮಾತ್ರ ಕಲ್ಪಿತರಲ್ಲವೆಂದು ಒಪ್ಪಿಗೆಯಾಯಿತು.

ಚಂದ್ರಗುಪ್ತ ಮೌರ್ಯ ಭದ್ರಬಾಹುವಿನೊಡನೆ ಶ್ರವಣಬೆಳಗೊಳಕ್ಕೆ ಬಂದನೆಂಬ ಜೈನ ಪರಂಪರೆಯನ್ನು ರೈಸ್ ನಂಬಿದ್ದರು, ಫ್ಲೀಟ್ ನಿರಾಕರಿಸಿದ್ದರು. ಮೊಳಕಾಲ್ಮೂರಿನ ಶೋಧ ಈ ಪ್ರಶ್ನೆಯನ್ನು ಬಗೆಹರಿಸಲಿಲ್ಲ. ಆದರೆ ಮೌರ್ಯರಿಗೂ ಮೈಸೂರಿಗೂ ಸಂಬಂಧವೇ ಇರಲಾರದು ಎನ್ನುವ ಮಾತಿಗೆ ಆಮೇಲೆ ಎಡೆಯುಳಿಯಲಿಲ್ಲ.

ಗ್ರಂಥ ಸಂಪಾದನೆ

ಕಲ್ಲಿನಂತೆ ಓಲೆಗರಿಯೂ ನಾಶವಾಗುವ ವಸ್ತುವೇ. ಬಿಬ್ಲಿಯೊತೆಕಾ ಕರ್ನಾಟಿಕಾ ಎಂಬ ಮಾಲೆಯಲ್ಲಿ ರೈಸ್ ಹಳಗನ್ನಡದ ಮುಖ್ಯ ಕೃತಿಗಳನ್ನು ಅಚ್ಚಿಗೆ ತಂದರು. ನಾಗವರ್ಮನ ಕರ್ಣಾಟಕ ಭಾಷಾಭೂಷಣ (1884), ಭಟ್ಟಾಕಳಂಕನ ಕರ್ಣಾಟಕ ಶಬ್ದಾನುಶಾಸನ (1890), ಪಂಪಭಾರತ (1898) ಇವುಗಳಲ್ಲಿ ಸೇರಿವೆ. ಕನ್ನಡದಲ್ಲಿ ದೊರೆತಿರುವ ಅತ್ಯಂತ ಹಳೆಯ ಗ್ರಂಥವಾದ ಕವಿರಾಜಮಾರ್ಗವನ್ನು ಕೆ. ಬಿ. ಪಾಠಕ್ ಇದೇ ಮಾಲೆಗಾಗಿ 1898ರಲ್ಲಿ ಸಂಪಾದಿಸಿದರು.

ಕೊರತೆಗಳು

ಒಬ್ಬ ಅಧಿಕಾರಿ, ಕೆಲವೇ ಸಹಾಯಕರು, 9,000 ಶಾಸನಗಳು: ಇಂಥ ಕೆಲಸದಲ್ಲಿ ತಪ್ಪುಗಳು ಉಳಿಯದೆ ಇರಲಾರವು. ತಪ್ಪು ಓದುಗಳು, ಅರ್ಧಕ್ಕೆ ನಿಂತ ಪಾಠಗಳು, ಬಿಟ್ಟುಹೋದ ಊರುಗಳು ಸಂಪುಟಗಳಲ್ಲಿವೆ. ಹಾಸನ ಜಿಲ್ಲೆಯ ಸಂಪುಟದಲ್ಲಿ ಹಲ್ಮಿಡಿ ಶಾಸನವಿಲ್ಲ. ಅದು 1936ರಲ್ಲಿ ಎಂ. ಎಚ್. ಕೃಷ್ಣ ಅವರ ಕೈಗೆ ಸಿಕ್ಕಿತು. ಹಳ್ಳಿಹಳ್ಳಿ ಅಲೆದು ಅಚ್ಚು ತೆಗೆದ, ಪಾಠ ಬಿಡಿಸಿದ ಪಂಡಿತರ ಹೆಸರುಗಳು ಮುಖಪುಟಕ್ಕೆ ಬರಲಿಲ್ಲವೆಂಬುದನ್ನೂ ಹೇಳಬೇಕಾಗುತ್ತದೆ. ರೈಸ್ ಅವರ ಸಹಾಯಕರಾಗಿದ್ದು 1906ರಲ್ಲಿ ಅವರ ಸ್ಥಾನಕ್ಕೆ ಬಂದ ಆರ್. ನರಸಿಂಹಾಚಾರ್ ಸಾವಿರಾರು ಹೊಸ ಶಾಸನಗಳನ್ನು ಸೇರಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಪರಿಷ್ಕೃತ ಸಂಪುಟಗಳನ್ನು ಹೊರತರತೊಡಗಿತು.

ನಿವೃತ್ತಿ ಮತ್ತು ಮರಣ

1906ರಲ್ಲಿ ನಿವೃತ್ತರಾದ ರೈಸ್ ಇಂಗ್ಲೆಂಡಿನ ಹ್ಯಾರೋದಲ್ಲಿ ನೆಲೆಸಿದರು. ಶಾಸನಗಳಿಂದ ಮಾತ್ರ ಕಟ್ಟಿದ ನಾಡಿನ ಚರಿತ್ರೆಯಾದ ಮೈಸೂರ್ ಅಂಡ್ ಕೂರ್ಗ್ ಫ್ರಮ್ ದಿ ಇನ್‌ಸ್ಕ್ರಿಪ್ಷನ್ಸ್ 1909ರಲ್ಲಿ ಪ್ರಕಟವಾಯಿತು. ಕೊಡಗಿನ ಸಂಪುಟದ ಪರಿಷ್ಕೃತ ಆವೃತ್ತಿ 1914ರಲ್ಲಿ ಬಂದಿತು. 90 ವರ್ಷ ತುಂಬಲು ಒಂದು ವಾರವಿರುವಾಗ, 1927ರ ಜುಲೈ 10ರಂದು, ಹ್ಯಾರೋದಲ್ಲಿ ನಿಧನರಾದರು.

ಶೋಧದ ನಂತರದ ಬ್ರಹ್ಮಗಿರಿ

ರೈಸ್ ಬಂಡೆಯ ಮೇಲಿನದನ್ನು ಓದಿದರು. ನೆಲದ ಕೆಳಗಿನದನ್ನು ಅಗೆಯಲಿಲ್ಲ. ಆ ಕೆಲಸವನ್ನು 1940ರ ದಶಕದ ಆರಂಭದಲ್ಲಿ ಎಂ. ಎಚ್. ಕೃಷ್ಣ ಕೈಗೊಂಡರು. 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದಲ್ಲಿ ಕಲ್ಲುಕೊಡಲಿಯ ಕಾಲ, ಬೃಹತ್ ಶಿಲಾಗೋರಿಗಳ ಕಾಲ ಮತ್ತು ಅದರ ಮೇಲಿನ ಸಾತವಾಹನರ ಕಾಲದ ಪದರಗಳು ಒಂದರ ಮೇಲೊಂದಾಗಿ ಗುರುತಿಗೆ ಬಂದವು. ದಕ್ಷಿಣ ಭಾರತದ ಪ್ರಾಗಿತಿಹಾಸಕ್ಕೆ ಕಾಲಾನುಕ್ರಮವನ್ನು ಕೊಟ್ಟ ಅಗೆತಗಳಲ್ಲಿ ಇದು ಮುಖ್ಯವಾದುದು. ಕರ್ನಾಟಕದಲ್ಲಿ ಅಶೋಕನ ಶಾಸನಗಳು ಆಮೇಲೆ ಮಸ್ಕಿ, ಕೊಪ್ಪಳ, ನಿಟ್ಟೂರು, ಉಡೆಗೋಳ, ಸನ್ನತಿಗಳಲ್ಲಿಯೂ ದೊರೆತಿವೆ.

ರೈಸ್ ಪಟ್ಟಿಮಾಡಿದ ಶಾಸನಗಳಲ್ಲಿ ಎಲ್ಲವೂ ಈಗ ಉಳಿದಿಲ್ಲ. ಬೆಂಗಳೂರಿನಂತಹ ಬೆಳೆಯುವ ನಗರದಲ್ಲಿ ರಸ್ತೆ, ಕಟ್ಟಡಗಳ ಕೆಳಗೆ ಎಷ್ಟೋ ಕಲ್ಲುಗಳು ಕಾಣೆಯಾಗಿವೆ. ಅವುಗಳ ಪಾಲಿಗೆ ಎಪಿಗ್ರಾಫಿಯಾ ಕರ್ನಾಟಿಕಾದ ಮುದ್ರಿತ ಪುಟವೇ ಉಳಿದಿರುವ ಏಕೈಕ ಪ್ರತಿ. ಬೆಂಗಳೂರಿನ ಮಿಥಿಕ್ ಸೊಸೈಟಿ ಇತ್ತೀಚಿನ ವರ್ಷಗಳಲ್ಲಿ ಉಳಿದ ಕಲ್ಲುಗಳನ್ನು ಹುಡುಕಿ, ಮೂರು ಆಯಾಮಗಳ ಸ್ಕ್ಯಾನರಿನಿಂದ ಅಕ್ಷರಗಳನ್ನು ಕಂಪ್ಯೂಟರಿಗೆ ಇಳಿಸುತ್ತಿದೆ. ಬಡಿಯಲು ಕಾಗದವೂ ಬೇಡ, ಮಸಿಯೂ ಬೇಡ. ಸವೆದ ಅಕ್ಷರವನ್ನು ಪರದೆಯ ಮೇಲೆ ಬೆಳಕಿನ ಕೋನ ಬದಲಿಸಿ ನೋಡಬಹುದು. ಯಾವ ಊರಿನಲ್ಲಿ ಯಾವ ಕಲ್ಲನ್ನು ಹುಡುಕಬೇಕೆಂಬುದಕ್ಕೆ ಮಾತ್ರ ರೈಸ್ ಕೊಟ್ಟ ತಾಲ್ಲೂಕುವಾರು ಸಂಖ್ಯೆಗಳನ್ನೇ ಇಂದಿಗೂ ನೋಡಲಾಗುತ್ತದೆ.